ಬಾಲ ಬಂತು, ಕಂಬ ಹೊರಡಬಹುದು

ಅಲಯನ್ಸ್, ನೆಬ್ರಾಸ್ಕಾ
ಏಪ್ರಿಲ್ 11, 2023

ಆರ್ಡಿಸ್,

ನೀನು ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀಯ. ಅದಕ್ಕೇ ಈ ಕಾಗದ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ, ಅಕ್ಷರ ಕುಣಿಯುತ್ತದೆ, ಸಹಿಸಿಕೋ.

ನಮ್ಮ ಧೂಳಕ್ಕಂದಿರ ಬೈಕು ಬಳಗ ಭಾನುವಾರ ನನ್ನ ಅಡುಗೆಮನೆಯಲ್ಲಿ ಸೇರಿತ್ತು. ಈ ವರ್ಷದ ಕೂಟ ಜೂನ್ 23ರಿಂದ 25, ಐಡಹೋದ ಸ್ಟ್ಯಾನ್ಲಿ ಊರಿನ ಹೊಳೆದಂಡೆಯಲ್ಲಿ. ಈ ಸಲ ಸಾಲು ಕಟ್ಟಿಕೊಂಡು ಹೋಗುವುದಿಲ್ಲ. ನಾನು ಮುಂದೆ ನಿಂತು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ, ಕಾರಣ ಕೇಳಬೇಡ. ಅವರವರ ಬೈಕು, ಅವರವರ ದಾರಿ. ಶನಿವಾರ ಸೂರ್ಯ ಮುಳುಗುವುದರೊಳಗೆ ಬಂದವರ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ.

ನಿನ್ನ ವಿಷಯವೂ ಬಂತು. ನಿನಗೆ ಅರವತ್ತೇಳು. ಕಳೆದ ಸೆಪ್ಟೆಂಬರಿನಲ್ಲಿ ಬಿದ್ದಿದ್ದೀಯ. ನೀನು ಒಬ್ಬಳೇ ಬರುವುದು ಬೇಡವೆಂದು ಎಲ್ಲರೂ ತೀರ್ಮಾನಿಸಿದೆವು. ಸರಿ, ನಾನು ತೀರ್ಮಾನಿಸಿದೆ, ಉಳಿದವರು ಕಡುಬು ತಿಂದರು. ನನ್ನ ಗಂಡ ರಾಯ್ ಸಾಮಾನಿನ ಟ್ರಕ್ಕು ತರುತ್ತಾನೆ, ಅದರಲ್ಲಿ ಕೂತು ಬಾ. ಕೋಪ ಮಾಡಿಕೊಳ್ಳಬೇಡ, ಇದ್ದದ್ದು ಹೇಳುತ್ತೇನೆ. ನೀನು ಯಾವತ್ತೂ ದಾರಿ ನೋಡಿದವಳಲ್ಲ, ಕಂಬ ನೋಡಿಕೊಂಡು ಬಂದವಳು.

ನಿನ್ನ ಒಳ್ಳೆಯದಕ್ಕೇ ಹೇಳುವ,
ಟ್ವೈಲಾ


ಮಿಚೆಲ್, ನೆಬ್ರಾಸ್ಕಾ
ಏಪ್ರಿಲ್ 19

ಟ್ವೈಲಾ,

ನಿನ್ನ ಕಾಗದ ಓದಿದೆ. ಮತ್ತೊಮ್ಮೆ ಓದಿದೆ, ನನಗೇ ಕಣ್ಣು ಮಂಜಾಯಿತೇನೋ ಎಂದು. ಸಾಮಾನಿನ ಟ್ರಕ್ಕಿನಲ್ಲಿ! ಡೇರೆ, ಒಲೆ, ನೀರಿನ ಡಬ್ಬ, ಆರ್ಡಿಸ್. ಪಟ್ಟಿ ಚೆನ್ನಾಗಿದೆ.

ಕೇಳು. ಬೈಕು ನನ್ನದು, ಸೊಂಟ ನನ್ನದು, ಬಿದ್ದ ನೆಲವೂ ನಿನ್ನಪ್ಪನದಲ್ಲ.

ಕಂಬ ನೋಡಿಕೊಂಡು ಬಂದವಳು ಎಂದು ಚುಚ್ಚಿದ್ದೀಯ. ಹೌದು, ಬಂದೆ. ಹತ್ತೊಂಬತ್ತು ವರ್ಷ ನೀನು ಎಲ್ಲರಿಗಿಂತ ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಪ್ರತಿ ತಿರುವಿನಲ್ಲೂ ಒಬ್ಬಳನ್ನು ಕಂಬದ ಹಾಗೆ ನಿಲ್ಲಿಸಿ ನೀನು ಹೋಗುತ್ತಿದ್ದೆ. ಅವಳು ತಿರುಗಬೇಕಾದ ಕಡೆಗೆ ಕೈ ಚಾಚಿ ನಿಲ್ಲುತ್ತಿದ್ದಳು. ಕಂಬವಿಲ್ಲದ ಕಡೆ ನೇರ ಹೋಗು ಎಂದು ಕಟ್ಟಳೆ. ಕೊನೆಗೆ ಬಾಲ ನಾನು ಬಂದು ಹೆಲ್ಮೆಟ್ಟನ್ನು ಎರಡು ಸಲ ತಟ್ಟಿದರೆ ‘ನನ್ನ ಹಿಂದೆ ಯಾರೂ ಇಲ್ಲ, ನೀನು ಹೊರಡು’ ಎಂದು ಅರ್ಥ. ಆಮೇಲೆ ಕಂಬ ಹೊರಡುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಒಬ್ಬಳನ್ನಾದರೂ ರಸ್ತೆಯಲ್ಲಿ ಬಿಟ್ಟು ಬಂದಿದ್ದೇನೆಯೇ? ಬಾಲ ಇದ್ದದ್ದಕ್ಕೇ ನಿನ್ನ ತಲೆ ಅಷ್ಟು ಎತ್ತರದಲ್ಲಿತ್ತು.

ಇನ್ನು ದಾರಿಯ ಮಾತು. ಇಪ್ಪತ್ತಾರನೇ ನಂಬರಿನ ಹೆದ್ದಾರಿ ನನ್ನ ಮನೆಯ ಮುಂದೆ ಹಾದುಹೋಗುತ್ತದೆ. ಅದೇ ರಸ್ತೆ ವಯೋಮಿಂಗ್ ದಾಟಿ, ಐಡಹೋ ಹೊಕ್ಕು, ಆರ್ಕೋ ಊರು ಹಾದು ಕೇರಿ ಎಂಬ ಊರಿಗೆ ಹೋಗುತ್ತದೆ. ಅಲ್ಲಿಯವರೆಗೆ ನಾನು ಸುಮ್ಮನೆ ಕೂತಿದ್ದರೆ ಸಾಕು. ಕೇರಿಯಲ್ಲಿ ತಿರುಗಿದರೆ ಆಮೇಲೆ ಸ್ಟ್ಯಾನ್ಲಿಗೆ ರಸ್ತೆಬದಿಯ ಹಲಗೆಗಳೇ ಕರೆದುಕೊಂಡು ಹೋಗುತ್ತವೆ. ಅಷ್ಟೂ ಬಾರದಿದ್ದರೆ ನಾನು ಬೈಕು ಇಟ್ಟುಕೊಳ್ಳುವುದಾದರೂ ಯಾಕೆ?

ಪಂದ್ಯ. ಶನಿವಾರ ಸೂರ್ಯ ಮುಳುಗುವುದರೊಳಗೆ ನಾನು ಒಬ್ಬಳೇ ಬಂದು ನಿನ್ನ ಮುಂದೆ ಬೈಕು ನಿಲ್ಲಿಸದಿದ್ದರೆ, ಅದನ್ನು ಮಾರುತ್ತೇನೆ. ಆಮೇಲೆ ನಿನ್ನ ಟ್ರಕ್ಕಿನಲ್ಲೇ ಓಡಾಡುತ್ತೇನೆ, ನೀರಿನ ಡಬ್ಬದ ಪಕ್ಕ. ಬಂದರೆ ನನ್ನ ವಯಸ್ಸಿನ ಮಾತು ನೀನು ಜನ್ಮದಲ್ಲಿ ಎತ್ತಕೂಡದು.

ಸೆಪ್ಟೆಂಬರಿನ ವಿಷಯ ಇಲ್ಲಿ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಯಾರ ಸಾಮಾನೂ ಅಲ್ಲದ,
ಆರ್ಡಿಸ್


ಮಿಚೆಲ್
ಜೂನ್ 29

ಟ್ವೈಲಾ,

ನೀನು ನನ್ನ ಮುಖ ನೋಡದೆ ಹೊರಟುಹೋದೆ. ಭಾನುವಾರ ಮಧ್ಯಾಹ್ನ ನಾನು ಕೂಟಕ್ಕೆ ಬಂದಾಗ ‘ಟ್ವೈಲಾ ಬೆಳಗ್ಗೇನೇ ಹೋದ್ಲು’ ಎಂದು ಎಲ್ಲರೂ ನೆಲ ನೋಡಿಕೊಂಡು ಹೇಳಿದರು. ಗೆದ್ದವಳು ನಿಂತು ಸೋತವಳನ್ನು ನೋಡಿ ನಗಬಹುದಿತ್ತು. ಅಷ್ಟು ಮರ್ಯಾದೆಯನ್ನಾದರೂ ನಿನ್ನಿಂದ ನಿರೀಕ್ಷಿಸಿದ್ದೆ.

ಹೇಗೆ ದಾರಿ ತಪ್ಪಿದೆ ಎಂದು ನೀನು ಊರೆಲ್ಲ ಕತೆ ಕಟ್ಟುವ ಮೊದಲು ನಾನೇ ಹೇಳುತ್ತೇನೆ. ನಗು. ಆದರೆ ಕೊನೆಯವರೆಗೂ ಓದಿ ನಗು.

ಎರಡು ದಿನ ಚೆನ್ನಾಗಿ ಬಂದೆ. ವಯೋಮಿಂಗಿನ ಗಾಳಿ ಗೊತ್ತಲ್ಲ, ಬೈಕನ್ನು ಓರೆಯಾಗಿ ಹಿಡಿದೇ ನೇರ ಹೋಗಬೇಕು. ಶನಿವಾರ ಆರ್ಕೋ ಹತ್ತು ಮೈಲಿ ಇದೆ ಎನ್ನುವಾಗ ರಸ್ತೆಬದಿಯಲ್ಲಿ ನನ್ನದೇ ಥರದ ಹಳದಿ ಜಾಕೆಟ್ಟಿನ ಒಬ್ಬಳು ಸಾಮಾನಿನ ಹಗ್ಗ ಬಿಗಿಯುತ್ತಿದ್ದಳು. ‘ಸಹಾಯ ಬೇಕಾ?’ ಎಂದು ಕೈಯಲ್ಲೇ ಕೇಳಿದೆ. ಬೇಡ, ಹೋಗು ಎಂದು ಕೈಯಲ್ಲೇ ಹೇಳಿದಳು. ಹೋದೆ.

ಆರ್ಕೋ ಚೌಕ. ಎದುರಿಗೇ ಇಪ್ಪತ್ತಾರರ ಹಲಗೆ, ಊಟದ ತಟ್ಟೆಯಷ್ಟು ದೊಡ್ಡದು. ನಾನು ಅದನ್ನು ನೋಡಲೇ ಇಲ್ಲ. ಯಾಕೆಂದರೆ ಮೂಲೆಯಲ್ಲಿ ಒಂದು ಬೈಕು ನಿಂತಿತ್ತು. ಅದರ ಪಕ್ಕ ಒಬ್ಬ ಮನುಷ್ಯ ಬಲಕ್ಕೆ ಕೈ ಚಾಚಿ ನಿಂತಿದ್ದ. ಹಾಳಾದ ಕಂಬ! ನನ್ನ ತಲೆ ಏನನ್ನೂ ಕೇಳಲಿಲ್ಲ ಟ್ವೈಲಾ. ಕೈ ತಾನಾಗಿ ಮೇಲೆದ್ದು ಹೆಲ್ಮೆಟ್ಟನ್ನು ಎರಡು ಸಲ ತಟ್ಟಿತು. ಅವನು ತಲೆಯಾಡಿಸಿ ಬೈಕು ಹತ್ತಿ ಹೊರಟ. ನಾನು ಅವನ ಹಿಂದೆ ಬಲಕ್ಕೆ ತಿರುಗಿದೆ. ಮನಸ್ಸಿಗೆ ಎಷ್ಟು ಹಾಯಾಗಿತ್ತು ಗೊತ್ತೇ? ಒಂಬತ್ತು ತಿಂಗಳಿನಿಂದ ಅಷ್ಟು ಹಾಯೆನಿಸಿರಲಿಲ್ಲ. ಮುಂದೆ ಯಾರೋ ಹೋಗುತ್ತಿದ್ದಾರೆ, ಹಿಂದೆ ನಾನಿದ್ದೇನೆ.

ಮೆಕೇ ಊರಿನಿಂದಾಚೆ ಮಣ್ಣಿನ ರಸ್ತೆಗೆ ಇನ್ನೊಂದು ಕಂಬ. ಮತ್ತೆ ತಟ್ಟಿದೆ. ಹೊಳೆದಂಡೆಯಲ್ಲಿ ಡೇರೆಗಳು ಕಂಡವು. ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ‘ಟ್ವೈಲಾ ಎಲ್ಲಿ? ಕರೀರಿ ಅವಳನ್ನ’ ಎಂದು ಗಟ್ಟಿಯಾಗಿ ಕೂಗಿದೆ. ಹದಿನಾಲ್ಕು ಗಂಡಸರು ತಿರುಗಿ ನೋಡಿದರು.

ಅವರು ಬ್ಲ್ಯಾಕ್‌ಫುಟ್ ಊರಿನ ಮಾರ್ಮನ್ ಚರ್ಚಿನವರು, ನಮ್ಮ ಹಾಗೆಯೇ ಕಂಬ ನಿಲ್ಲಿಸಿ ಸಾಲಾಗಿ ಬರುವವರು. ಎತ್ತರದ ಮುದುಕನೊಬ್ಬ ಹತ್ತಿರ ಬಂದ. ವರ್ನಲ್ ಹ್ಯಾಚ್ ಎಂದು ಹೆಸರು, ಅವನೇ ಅವರ ಟ್ವೈಲಾ.

‘ಸಿಸ್ಟರ್, ನೀವು ದಾರಿ ತಪ್ಪಿ ಬಂದಿರೋ ಹಾಗಿದೆ,’ ಎಂದ. ‘ಬನ್ನಿ, ಕೂತ್ಕೊಳ್ಳಿ. ಆಲೂಗಡ್ಡೆ ಬೇಯ್ತಾ ಇದೆ.’

‘ಆಲೂಗಡ್ಡೆ ಇರ್ಲಿ, ಒಂದು ಲೋಟ ಕಾಫಿ ಇದ್ರೆ ಕೊಡಿ. ಜೀವ ಹೋಗ್ತಿದೆ.’

ಒಬ್ಬ ಆಲೂಗಡ್ಡೆಯ ಕಡೆ ತಿರುಗಿ ಸೌಟು ಆಡಿಸತೊಡಗಿದ. ಆಮೇಲೆ ಹಿಂದಿನಿಂದ ಒಬ್ಬ, ‘ಹುರಿದ ಬಾರ್ಲಿ ಕಷಾಯ ಇದೆ ಸಿಸ್ಟರ್’ ಎಂದ. ಆಗ ನೆನಪಾಯಿತು, ಅವರ ಧರ್ಮದಲ್ಲಿ ಕಾಫಿ ನಿಷೇಧ. ಕಳೆದುಹೋಗುವುದಾದರೆ ನನ್ನಂಥವಳು ಕಳೆದುಹೋಗಬಾರದ ಒಂದೇ ಜಾಗ ಅದು.

ಅಷ್ಟರಲ್ಲಿ ವರ್ನಲ್ ನನ್ನ ಹಿಂದಿನ ರಸ್ತೆ ನೋಡುತ್ತಾ ಕೇಳಿದ, ‘ನಿಮ್ಮ ಹಿಂದೆ ನನ್ನ ಹೆಂಡ್ತಿ ಬರ್ತಿದ್ಲಾ? ಹಳದಿ ಜಾಕೆಟ್ಟು. ಲರೀನ್ ಅಂತ. ಅವಳೇ ನಮ್ಮ ಬಾಲ.’

ನಾನು ಬರೇ ದಾರಿ ತಪ್ಪಿರಲಿಲ್ಲ. ಇನ್ನೊಬ್ಬಳ ಕಂಬವನ್ನು ನಾನೇ ಕಳಿಸಿಬಿಟ್ಟಿದ್ದೆ. ಹಗ್ಗ ಬಿಗಿದು ಬಂದವಳು ಆರ್ಕೋದಲ್ಲಿ ಯಾರನ್ನೂ ಕಾಣದೆ ಎತ್ತಲೋ ಹೋಗಿದ್ದಳು. ನನ್ನ ಹತ್ತೊಂಬತ್ತು ವರ್ಷದ ಹೆಮ್ಮೆ ಮಣ್ಣುಪಾಲಾಯಿತು.

ಆಗ ನಾಲ್ಕು ಗಂಟೆ. ಇದನ್ನು ಚೆನ್ನಾಗಿ ಓದು. ಅಲ್ಲಿಂದ ಚಾಲಿಸ್ ಊರಿನ ಮೇಲೆ ಹೋದರೆ ಸ್ಟ್ಯಾನ್ಲಿಗೆ ಇನ್ನೊಂದು ದಾರಿ ಇದೆ, ಏಳೂವರೆಗೆ ನಿನ್ನ ಮುಂದೆ ನಿಂತಿರುತ್ತಿದ್ದೆ. ಸೂರ್ಯ ಮುಳುಗುವುದು ಒಂಬತ್ತರ ಮೇಲೆ. ಪಂದ್ಯ ನನ್ನ ಕೈಯಲ್ಲೇ ಇತ್ತು. ವರ್ನಲ್ಲೂ ‘ನೀವು ನಿಮ್ಮ ಕೂಟಕ್ಕೆ ಹೋಗಿ, ನಾವು ಹುಡುಕ್ಕೊಳ್ತೀವಿ’ ಎಂದ.

‘ಕಂಬ ಇಲ್ಲ ಅಂದ್ರೆ ನಿಮ್ಮೋರು ಏನು ಮಾಡ್ತಾರೆ?’ ಎಂದು ಕೇಳಿದೆ.

‘ನೇರ ಹೋಗ್ತಾರೆ.’

‘ಹಾಗಾದ್ರೆ ನೇರ ಹೋಗಿದಾಳೆ. ನಡೀರಿ.’

‘ನೀವೇ ಮುಂದೆ ಹೋಗಿ ಸಿಸ್ಟರ್,’ ಎಂದ ವರ್ನಲ್. ‘ನನಗೆ ತಲೆ ಓಡ್ತಿಲ್ಲ. ನಲವತ್ತೊಂದು ವರ್ಷ ಆಯ್ತು ಮದುವೆಯಾಗಿ, ಅವಳು ಎಲ್ಲಿದಾಳೆ ಅಂತ ಗೊತ್ತಿಲ್ಲದೆ ಒಂದು ದಿನ ಇದ್ದೋನಲ್ಲ.’

ಹೀಗೆ ನಾನು ಮುಂದೆ ಹೋದೆ ಟ್ವೈಲಾ. ಹಿಂದೆ ಏಳು ಗಂಡಸರು. ಲರೀನ್‌ಗೆ ಫೋನ್ ಹತ್ತುತ್ತಿರಲಿಲ್ಲ, ಆ ಬೆಟ್ಟಗಳಲ್ಲಿ ಸಿಗ್ನಲ್ ಇಲ್ಲ. ಆರ್ಕೋದಲ್ಲಿ ಶೆರಿಫ್ ಕಚೇರಿಗೆ ತಿಳಿಸಿದೆವು. ಪೆಟ್ರೋಲ್ ಅಂಗಡಿಯ ಹುಡುಗಿ, ‘ಹಳದಿ ಜಾಕೆಟ್ಟಿನ ಅಜ್ಜಿ ನೇರ ಹೋದ್ರು’ ಎಂದಳು. ಕೇರಿಯಲ್ಲಿ ಸುಳಿವು ಸಿಗಲಿಲ್ಲ, ಕತ್ತಲಾಯಿತು, ಅಲ್ಲೇ ಉಳಿದೆವು. ಭಾನುವಾರ ಬೆಳಗ್ಗೆ ಕೆಚಮ್ ಊರಿನ ತಿಂಡಿ ಅಂಗಡಿಯವಳು, ‘ನಿನ್ನೆ ಇಬ್ಬರು ಹೆಂಗಸರು ಒಂದರ ಹಿಂದೊಂದು ಬೈಕಲ್ಲಿ ಸ್ಟ್ಯಾನ್ಲಿ ಕಡೆ ಹೋದ್ರು, ಹಿಂದಿನವಳದ್ದು ಹಳದಿ ಜಾಕೆಟ್ಟು’ ಎಂದಳು. ಮಧ್ಯಾಹ್ನ ನಿಮ್ಮ ಹೊಳೆದಂಡೆಗೆ ಬಂದರೆ, ಲರೀನ್ ನಮ್ಮವರ ನಡುವೆ ಕೂತು ನಿನ್ನ ಕಡುಬು ತಿನ್ನುತ್ತಿದ್ದಾಳೆ! ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ವರ್ನಲ್ ಬೈಕನ್ನು ನಿಲ್ಲಿಸದೆ ಹಾಗೇ ಹುಲ್ಲಿನ ಮೇಲೆ ಕೆಡವಿ ಓಡಿದ. ಅಷ್ಟು ದೊಡ್ಡ ಮನುಷ್ಯ ಎಲ್ಲರೆದುರಿಗೆ ಅತ್ತ.

ಅವಳು ಅಲ್ಲಿಗೆ ಹೇಗೆ ಬಂದಳೆಂದು ಕೇಳಿದೆ. ‘ಯಾರೋ ದಾರಿ ತೋರಿಸಿದರು’ ಎಂದಷ್ಟೇ ಹೇಳಿದಳು. ನಮ್ಮವರೂ ಬಾಯಿ ಬಿಡಲಿಲ್ಲ.

ಸೋತೆ, ಒಪ್ಪುತ್ತೇನೆ. ಹದಿನೈದು ಗಂಟೆ ತಡ. ಆದರೆ ತಪ್ಪಿದ ದಾರಿಯನ್ನೂ ನಾನೇ ಹಿಡಿದೆ, ಸರಿದಾರಿಯನ್ನೂ ನಾನೇ ಹುಡುಕಿದೆ. ಬೈಕು ಮಾರುವುದಿಲ್ಲ. ಮಾತಿಗೆ ತಪ್ಪಿದವಳು ಎಂದು ಬೇಕಾದರೆ ಬಳಗಕ್ಕೆಲ್ಲ ಡಂಗುರ ಸಾರು.

ಮುಖ ತೋರಿಸಿಯೇ ಮಾತಾಡುವ,
ಆರ್ಡಿಸ್


ಅಲಯನ್ಸ್
ಜುಲೈ 14

ಆರ್ಡಿಸ್,

ಪಂದ್ಯ ಕಟ್ಟಿದವಳು ನೀನು, ಸೋತವಳು ನೀನು. ಬೈಕು ಮಾರು. ಪಟ್ಟಿಯಿಂದ ನಿನ್ನ ಹೆಸರು ತೆಗೆದಿದ್ದೇನೆ.

ಭಾನುವಾರ ನನಗೆ ಬೇರೆ ಕೆಲಸವಿತ್ತು.

ಟ್ವೈಲಾ


ಬ್ಲ್ಯಾಕ್‌ಫುಟ್, ಐಡಹೋ
ಆಗಸ್ಟ್ 30

ಪ್ರೀತಿಯ ಸಿಸ್ಟರ್ ಆರ್ಡಿಸ್,

ನಿಮ್ಮ ವಿಳಾಸ ವರ್ನಲ್ ಬರೆದಿಟ್ಟುಕೊಂಡಿದ್ದರು. ಏಪ್ರಿಕಾಟ್ ಹಣ್ಣಿನ ಮುರಬ್ಬ ಎರಡು ಸೀಸೆ ಬೇರೆಯಾಗಿ ಕಳಿಸಿದ್ದೇನೆ. ನನ್ನನ್ನು ಹುಡುಕಿದ್ದಕ್ಕೆ. ಕಳೆದುಹಾಕಿದ್ದಕ್ಕಲ್ಲ!

ಎರಡು ತಿಂಗಳಿಂದ ಒಂದು ವಿಷಯ ನನ್ನ ಹೊಟ್ಟೆಯೊಳಗೆ ಕೂತಿದೆ. ಅವತ್ತು ನಿಮ್ಮ ಟ್ವೈಲಾ ಎಲ್ಲರಿಂದಲೂ ಆಣೆ ಹಾಕಿಸಿಕೊಂಡರು, ಆರ್ಡಿಸ್‌ಗೆ ಹೇಳಕೂಡದು ಎಂದು. ಎಲ್ಲರೂ ಹಾಕಿದರು. ನಾನು ಹಾಕಲಿಲ್ಲ, ನಮ್ಮಲ್ಲಿ ಅಂಥ ಮಾತಿಗೆ ಆಣೆ ಹಾಕುವುದಿಲ್ಲ. ಆದರೂ ಅವರ ಮುಖ ನೋಡಿ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಆರ್ಕೋದಲ್ಲಿ ಕಂಬ ಕಾಣಲಿಲ್ಲ, ನೇರ ಹೋದೆ. ಎಷ್ಟು ಮೈಲಿ ಹೋದರೂ ನಮ್ಮವರಿಲ್ಲ. ಕೇರಿಗೆ ಬಂದರೆ ತಿರುವಿನಲ್ಲಿ ಒಬ್ಬ ಹೆಂಗಸು ಕೈ ಚಾಚಿ ನಿಂತಿದ್ದಾರೆ. ಮುಖ ಬಿಸಿಲಿಗೆ ಕೆಂಪಾಗಿ ಸುಲಿದಿತ್ತು. ಸದ್ಯ, ವರ್ನಲ್ ಯಾರನ್ನೋ ನಿಲ್ಲಿಸಿದ್ದಾರೆ ಎಂದುಕೊಂಡು ನಾನು ಹೆಲ್ಮೆಟ್ಟು ತಟ್ಟಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಒಂದು ಮಾತೂ ಆಡದೆ ಬೈಕು ಹತ್ತಿ ಹೊರಟರು. ನೂರು ಮೈಲಿ, ಸಿಸ್ಟರ್! ಒಮ್ಮೆಯೂ ಮಾತಿಲ್ಲ. ಕೆಚಮ್‌ನಲ್ಲಿ ಪೆಟ್ರೋಲ್ ಹಾಕಿಸುವಾಗಲೂ ನನಗೆ ಬೆನ್ನು ಮಾಡಿಯೇ ನಿಂತಿದ್ದರು. ಆದರೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಇದ್ದರು. ಸ್ವಲ್ಪ ಹಿಂದುಳಿದರೆ ತಕ್ಷಣ ನಿಧಾನ ಮಾಡುತ್ತಿದ್ದರು. ಇದೆಂಥ ಕೋಪಿಷ್ಠ ದೇವತೆ ಎಂದುಕೊಂಡೆ.

ಕೂಟಕ್ಕೆ ಬಂದು ನಾನು ಹೆಲ್ಮೆಟ್ಟು ತೆಗೆದು ‘ಸಿಸ್ಟರ್, ವರ್ನಲ್ ಎಲ್ಲಿ?’ ಎಂದೆ. ಅವರ ಮುಖ ಹೇಗಾಯಿತೆಂದು ನನಗೆ ಹೇಳಲು ಬಾರದು. ಬೈಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ನನ್ನನ್ನು ನೀವೆಂದು ತಿಳಿದಿದ್ದರು. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಆ ತಿರುವಿನಲ್ಲಿ ನಿಂತಿದ್ದರಂತೆ, ನೀವು ದಾರಿ ತಪ್ಪದಿರಲಿ ಎಂದು.

ನಮ್ಮವರು ಆರ್ಕೋದಲ್ಲಿ ಬಲಕ್ಕೆ ತಿರುಗುವವರಿದ್ದರು ಎಂದು ನಾನು ಹೇಳಿದ ಕೂಡಲೇ ಅವರಿಗೆ ತಿಳಿಯಿತು. ‘ಆ ಹುಚ್ಚಿ ನಿಮ್ಮ ಕಂಬ ನೋಡಿ ತಿರುಗಿರ್ತಾಳೆ’ ಎಂದರು. ನನಗೆ ಅಲ್ಲೇ ಇರಲು ಹೇಳಿ, ಭಾನುವಾರ ಬೆಳಕು ಹರಿಯುವ ಮೊದಲೇ ಚಾಲಿಸ್ ದಾರಿಯಲ್ಲಿ ನಮ್ಮ ಡೇರೆಗಳವರೆಗೆ ಹೋಗಿದ್ದಾರೆ. ನೀವು ಇನ್ನೊಂದು ದಾರಿಯಲ್ಲಿ ನನ್ನನ್ನು ಹುಡುಕಿಕೊಂಡು ಹೊರಟಾಗಿತ್ತು. ಉಳಿದಿದ್ದ ನಮ್ಮವರು ಅವರಿಗೂ ಬಾರ್ಲಿ ಕಷಾಯ ಕೊಟ್ಟರಂತೆ.

ನಿಮ್ಮಿಬ್ಬರ ನಡುವೆ ಏನಿದೆಯೋ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದನ್ನು ಹೇಳಿದ್ದೇನೆ.

ನಿಮಗಾಗಿ ಪ್ರಾರ್ಥಿಸುವ,
ಲರೀನ್ ಹ್ಯಾಚ್


ಮಿಚೆಲ್
ಸೆಪ್ಟೆಂಬರ್ 8

ಟ್ವೈಲಾ,

ಲರೀನ್ ಎಲ್ಲ ಬರೆದಿದ್ದಾಳೆ.

ಏಪ್ರಿಲ್‌ನಲ್ಲಿ ನನ್ನನ್ನು ಸಾಮಾನು ಮಾಡಿದೆ. ಜೂನ್‌ನಲ್ಲಿ ನನಗೋಸ್ಕರ ಏಳು ಗಂಟೆ ಬಿಸಿಲಲ್ಲಿ ನಿಂತೆ. ಜುಲೈನಲ್ಲಿ ‘ಬೈಕು ಮಾರು’ ಎಂದೆ. ನನಗೆ ತಲೆ ಕೆಟ್ಟಿದೆಯೋ ನಿನಗೋ? ನಿನ್ನ ಕರುಣೆ ನನಗೆ ಬೇಕಿಲ್ಲ. ಸತ್ಯ ಬೇಕು. ಯಾಕೆ ನಿಂತೆ? ನಿಂತವಳು ಯಾಕೆ ಮುಚ್ಚಿಟ್ಟೆ?

ಬರೆಯುವುದಾದರೆ ಪೂರ್ತಿ ಬರೆ, ಇಲ್ಲವಾದರೆ ಅಂಚೆಚೀಟಿ ಉಳಿಸಿಕೋ.

ಕಾಯುತ್ತಿರುವ,
ಆರ್ಡಿಸ್


ಅಲಯನ್ಸ್
ಅಕ್ಟೋಬರ್ 22

ಆರ್ಡಿಸ್,

ಆರು ಸಲ ಬರೆದು ಹರಿದೆ. ಇದನ್ನು ರಾಯ್ ಕೈಗೆ ಕೊಟ್ಟು ಈಗಲೇ ಅಂಚೆಗೆ ಹಾಕು ಎಂದಿದ್ದೇನೆ, ಇಲ್ಲವಾದರೆ ಇದನ್ನೂ ಹರಿಯುತ್ತೇನೆ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಮರಳುದಿಬ್ಬಗಳ ನಡುವೆ ಹೋಗುತ್ತಿದ್ದೆವು. ಎಲ್ಲೂ ತಿರುವಿರಲಿಲ್ಲ, ಯಾರನ್ನೂ ಕಂಬ ನಿಲ್ಲಿಸಿರಲಿಲ್ಲ. ಅಂಥ ದಾರಿಯಲ್ಲಿ ಮುಂದೆ ಹೋಗುವವಳ ಕೆಲಸ ಒಂದೇ, ಐದು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ಬಾಲದ ದೀಪ ಕಾಣುತ್ತದೆಯೇ ಎಂದು ನೋಡುವುದು. ನಾನು ನೋಡಲಿಲ್ಲ. ಆರೋಗ್ಯ ಕೆಟ್ಟಿರಲಿಲ್ಲ, ಚಿಂತೆಯೂ ಇರಲಿಲ್ಲ. ಗಾಳಿ ಚೆನ್ನಾಗಿತ್ತು, ರಸ್ತೆ ಚೆನ್ನಾಗಿತ್ತು, ನಾನು ಖುಷಿಯಾಗಿದ್ದೆ. ಅಷ್ಟೇ. ಇಪ್ಪತ್ತೆರಡು ಮೈಲಿ ಹೋಗಿ, ನಿಲ್ಲಿಸಿ, ಕಾಫಿ ತರಿಸಿದ ಮೇಲೆ ಒಂದು ಲೋಟ ಹೆಚ್ಚು ಉಳಿಯಿತು. ಆಗ ಗೊತ್ತಾಯಿತು ನೀನಿಲ್ಲ ಎಂದು.

ವಾಪಸ್ಸು ಬಂದಾಗ ನೀನು ಬೈಕಿನ ಕೆಳಗೆ ಬಿದ್ದಿದ್ದೆ. ಎಷ್ಟು ಹೊತ್ತಾಯಿತು ಎಂದು ಕೇಳಿದರೆ ‘ಈಗ ತಾನೇ’ ಎಂದೆ. ಸುಳ್ಳೆಂದು ನನಗೆ ಗೊತ್ತಿತ್ತು. ಕೇಳಿಸಿಕೊಂಡು ಸುಮ್ಮನಾದೆ. ಎಲ್ಲರಿಗೂ ‘ಆರ್ಡಿಸ್‌ಗೆ ವಯಸ್ಸಾಯಿತು’ ಎಂದು ಹೇಳಿದ್ದು ನಾನೇ. ಹಾಗೆಂದರೆ ಯಾರೂ ನನ್ನ ಕನ್ನಡಿಯ ವಿಷಯ ಕೇಳುವುದಿಲ್ಲವಲ್ಲ.

ನೀನು ಬೈಕು ಬಿಟ್ಟರೆ ನನಗೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ನೀನು ಒಬ್ಬಳೇ ಹೊರಟೆ ಎಂದು ತಿಳಿದಾಗ ಕೂಟದಲ್ಲಿ ಕೂರಲಾಗಲಿಲ್ಲ. ಅದಕ್ಕೇ ಕೇರಿಯಲ್ಲಿ ನಿಂತೆ. ಹತ್ತೊಂಬತ್ತು ವರ್ಷ ಎಲ್ಲರನ್ನೂ ಕಂಬ ನಿಲ್ಲಿಸಿದವಳು, ನಾನು ನಿಂತದ್ದು ಅದೇ ಮೊದಲು. ಏಳು ಗಂಟೆ ಬಹಳ ಉದ್ದ ಆರ್ಡಿಸ್.

ಬೈಕು ಮಾರಿಬಿಟ್ಟೆಯಾ? ಮಾರಬೇಡ. ಪಟ್ಟಿಗೆ ನಿನ್ನ ಹೆಸರು ಮತ್ತೆ ಬರೆದಿದ್ದೇನೆ. ತಪ್ಪಾಯಿತು ಎಂದು ನಾನು ಬಾಯಲ್ಲಿ ಹೇಳಿದವಳಲ್ಲ, ನಿನಗೆ ಗೊತ್ತು. ಬರೆದಿದ್ದೇನೆ, ನೋಡು. ತಪ್ಪಾಯಿತು.

ನಿನ್ನ,
ಟ್ವೈಲಾ


ಮಿಚೆಲ್
ನವೆಂಬರ್ 2

ಟ್ವೈಲಾ,

ಐವತ್ತು ನಿಮಿಷ.

ಗಡಿಯಾರ ಕಣ್ಣೆದುರಿಗೇ ಇತ್ತು, ಬೇಡವೆಂದರೂ ಕಾಣುತ್ತಿತ್ತು. ಬೈಕು ಕಾಲಿನ ಮೇಲಿತ್ತು. ಮೊದಲ ಹತ್ತು ನಿಮಿಷ ಈಗ ಬರುತ್ತಾಳೆ ಎಂದುಕೊಂಡೆ. ಆಮೇಲೆ ನಿನ್ನನ್ನು ಬೈದೆ. ಗೊತ್ತಿದ್ದ ಬೈಗುಳವೆಲ್ಲ ಮುಗಿದು ಮತ್ತೆ ಮೊದಲಿನಿಂದ ಶುರುಮಾಡಿದೆ. ಕೊನೆಯ ಹತ್ತು ನಿಮಿಷ ಹೆದರಿದ್ದೆ. ‘ಈಗ ತಾನೇ’ ಎಂದು ಯಾಕೆ ಹೇಳಿದೆ ಗೊತ್ತೇ? ನಿನ್ನ ಮುಖ ನೋಡಿದ ಮೇಲೆ ಬೇರೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ನೀನು ಕೊಟ್ಟ ಉಡುಗೊರೆ ಸಾಮಾನಿನ ಟ್ರಕ್ಕು.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅಷ್ಟು ಸುಲಭವಾಗಿ ನಿನ್ನನ್ನು ಬಿಟ್ಟರೆ ನನ್ನ ಹೆಸರು ಆರ್ಡಿಸ್ ಅಲ್ಲ. ನೀನು ಮತ್ತೆ ಬರೆದ ಹೆಸರೂ ಬೇಕಿರಲಿಲ್ಲ. ನಾನು ಆ ಪಟ್ಟಿಯಿಂದ ಹೋಗಿಯೇ ಇರಲಿಲ್ಲ. ಬೈಕು ಶೆಡ್ಡಿನಲ್ಲಿದೆ, ಹೊಸ ಟೈರು ಹಾಕಿಸಿದ್ದೇನೆ.

ನನ್ನ ಷರತ್ತು ಕೇಳು. ಬರುವ ಮೇ ನಾಲ್ಕು, ಶನಿವಾರ, ಬೆಳಗ್ಗೆ ಏಳು ಗಂಟೆ, ನನ್ನ ಮನೆಯ ಮುಂದೆ. ಸಾಲು ಮತ್ತೆ ಕಟ್ಟುತ್ತೇವೆ. ನಾನು ಮುಂದೆ. ದಾರಿ ತಪ್ಪಿದರೆ ಎಲ್ಲರೂ ನನ್ನ ಹಿಂದೆ ಬಂದು ತಪ್ಪಲಿ, ಯಾರಿಗೂ ವಿನಾಯಿತಿ ಇಲ್ಲ. ನೀನು ಬಾಲ. ಬಾಲಕ್ಕೆ ಎಷ್ಟು ಧೂಳು ಕುಡಿಯಬೇಕಾಗುತ್ತದೆ ಎಂದು ಹತ್ತೊಂಬತ್ತು ವರ್ಷದ ಮೇಲಾದರೂ ನಿನಗೆ ಗೊತ್ತಾಗಲಿ. ಒಪ್ಪಿಗೆ ಇಲ್ಲದಿದ್ದರೆ ಬರಬೇಡ. ಗೋಗರೆಯುವವಳಲ್ಲ ನಾನು.

ತಡವಾಗಿ ಬಂದರೆ ಕಾಯುವುದಿಲ್ಲ ಎಂದು ಬರೆಯಬೇಕೆಂದೇ ಲೇಖನಿ ಎತ್ತಿದ್ದೆ.

ಕಾಯುತ್ತೇನೆ.

ಆರ್ಡಿಸ್